ದೇಶಕ್ಕೆ ಶೇ. 108 ಮಳೆ ಎಂದರೆ ಯಾರ ಹೊಲಕ್ಕೆ ಎಷ್ಟು ಮಳೆ?

ಪ್ರಶ್ನೆ: ಭೂಗೋಳ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಭಾರತದ ವಾಯುಗುಣದ ಪಾಠ ಮಾಡುವಾಗ, ಹಳೆಯ ಉದಾಹರಣೆಗಳ ಬದಲು ಮಕ್ಕಳ ನೆನಪಿನಲ್ಲಿರುವ ವರ್ಷವೇ ಇರಲಿ ಎಂದು 2025ರ ಮುಂಗಾರಿನ ಅಂಕಿಗಳನ್ನು ಹಲಗೆಯ ಮೇಲೆ ಬರೆದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದಲ್ಲಿ ಸರಾಸರಿ ಸುಮಾರು 937 ಮಿಲಿಮೀಟರ್ ಮಳೆಯಾಗಿದೆ. ವಾಡಿಕೆ ಮಳೆ ಸುಮಾರು 869 ಮಿ.ಮೀ. ಆದ್ದರಿಂದ ಇದು ವಾಡಿಕೆಯ ಶೇ. 108. ವಾಯವ್ಯ ಭಾರತದಲ್ಲಿ 588ರ ಬದಲು 748 ಮಿ.ಮೀ. ಬಿದ್ದು ಶೇ. 27ರಷ್ಟು ಹೆಚ್ಚಾಗಿದೆ. ಪೂರ್ವ ಮತ್ತು ಈಶಾನ್ಯ ಭಾರತದಲ್ಲಿ 1,367ರ ಬದಲು 1,090 ಮಿ.ಮೀ. ಬಿದ್ದು ಶೇ. 20ರಷ್ಟು ಕೊರತೆಯಾಗಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಕೊರತೆ ಎಂದು ಬರೆದ ಕಡೆಯೇ ಹೆಚ್ಚು ಮಳೆ ಬಿದ್ದಿದೆಯಲ್ಲ? ಹಾಗಾದರೆ ಪಂಜಾಬಿನಲ್ಲಿ ಏಕೆ ಪ್ರವಾಹ ಬಂತು?" ಎಂದು ಕೇಳಿದಳು. ನಾನು ಏನೋ ಒಂದು ವಿವರಣೆ ಕೊಟ್ಟೆನಾದರೂ ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಪಠ್ಯಪುಸ್ತಕದಲ್ಲಿ ಮಳೆಯ ಹಂಚಿಕೆಯ ನಕ್ಷೆ ಇದೆ. ಆದರೆ ಒಂದು ವರ್ಷ ತನ್ನ ವಾಡಿಕೆಯಿಂದ ಎತ್ತ ಸರಿಯಿತು ಎಂಬುದನ್ನು ಹೇಗೆ ಓದಬೇಕೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ.

ಇನ್ನೂ ಎರಡು ಸಂದೇಹಗಳಿವೆ. 2023ರಲ್ಲಿ ದೇಶದ ಮುಂಗಾರು ಶೇ. 94 ಆಗಿತ್ತು, ಅಂದರೆ ಕೇವಲ ಶೇ. 6 ಕಡಿಮೆ. ಆದರೂ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಇಷ್ಟು ಸಣ್ಣ ಕೊರತೆಯಿಂದ ಇಷ್ಟು ದೊಡ್ಡ ಬರ ಹೇಗೆ ಬಂತು? ಎರಡನೆಯದಾಗಿ, ಬರ ಬಂದರೂ ಎಲ್ ನಿನೊ, ನೆರೆ ಬಂದರೂ ಜಾಗತಿಕ ತಾಪಮಾನ ಏರಿಕೆ ಎಂದು ಸುದ್ದಿಗಳಲ್ಲಿ ಹೇಳುತ್ತಾರೆ. ಇವುಗಳಲ್ಲಿ ಯಾವುದನ್ನು ಮಕ್ಕಳಿಗೆ ಖಚಿತವಾಗಿ ಹೇಳಬಹುದು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಮಳೆಲೆಕ್ಕ

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಈ ಇಡೀ ವಿಷಯದ ತಾಯಿಬೇರಿನಂಥ ಪ್ರಶ್ನೆ. ಅವಳಿಗೆ ನನ್ನ ಮೆಚ್ಚುಗೆಯನ್ನು ತಿಳಿಸಿ.

ಹೆಚ್ಚು, ಕಡಿಮೆ ಎಂಬ ಮಾತನ್ನು ಹವಾಮಾನ ಇಲಾಖೆ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೇಳುವುದಿಲ್ಲ. ಒಂದೊಂದು ಪ್ರದೇಶವನ್ನೂ ಅದರದೇ ಹಿಂದಿನ ದಾಖಲೆಯ ಪಕ್ಕದಲ್ಲಿಟ್ಟು ಹೇಳುತ್ತದೆ. ಈಗ ಬಳಕೆಯಲ್ಲಿರುವ ವಾಡಿಕೆಯು 1971ರಿಂದ 2020ರವರೆಗಿನ 50 ವರ್ಷಗಳ ಸರಾಸರಿ. ನದಿಯ ಪಾತ್ರ, ಕೆರೆಯ ಕೋಡಿ, ಸೇತುವೆಯ ಎತ್ತರ, ಭತ್ತದ ತಳಿ, ಮನೆಯ ಛಾವಣಿಯ ಇಳಿಜಾರು ಇವೆಲ್ಲವೂ ಆಯಾ ಪ್ರದೇಶದ ವಾಡಿಕೆಗೆ ಹೊಂದಿಕೊಂಡೇ ರೂಪುಗೊಂಡಿರುತ್ತವೆ. ಅಸ್ಸಾಮಿನ ಭತ್ತ 1,300 ಮಿ.ಮೀ.ಗೂ ಹೆಚ್ಚು ಮಳೆಯನ್ನು ನಂಬಿ ಬೆಳೆಯುವುದರಿಂದ 1,090 ಮಿ.ಮೀ. ಅದಕ್ಕೆ ಸಾಲದೆ ಹೋಗುತ್ತದೆ. ಪಂಜಾಬಿನ ಕಾಲುವೆ, ಒಡ್ಡು, ಬಯಲುಗಳು ಅದಕ್ಕಿಂತ ಎಷ್ಟೋ ಕಡಿಮೆ ನೀರಿಗೆ ಹೊಂದಿಕೊಂಡಿವೆ. ಜೊತೆಗೆ 2025ರ ಆಗಸ್ಟ್‌ನಲ್ಲಿ ಹಿಮಾಚಲ ಮತ್ತು ಜಮ್ಮುವಿನ ಬೆಟ್ಟಗಳಲ್ಲಿ ಸುರಿದ ಮಳೆ ಸಟ್ಲೆಜ್, ಬಿಯಾಸ್, ರಾವಿ ನದಿಗಳಲ್ಲಿ ಹರಿದು ಅದೇ ಬಯಲಿಗೆ ಇಳಿಯಿತು. 1988ರ ನಂತರ ಪಂಜಾಬ್ ಕಂಡ ಅತಿ ದೊಡ್ಡ ಪ್ರವಾಹ ಅದು. ಪಂಜಾಬಿನ ನೆಲದ ಮೇಲೆ ಬಿದ್ದ ಮಳೆಯನ್ನಷ್ಟೇ ಅಳೆದರೆ ಆ ಪ್ರವಾಹ ಅರ್ಥವಾಗುವುದಿಲ್ಲ. ನದಿಯ ಮೇಲಿನ ಕಣಿವೆಗಳ ಮಳೆಯನ್ನೂ ಕೂಡಿಸಿ ನೋಡಬೇಕು.

ಇನ್ನು ದೇಶದ ಸರಾಸರಿಯ ವಿಚಾರ. ಇಲಾಖೆ ಶೇ. 96ರಿಂದ 104ರವರೆಗಿನ ಮುಂಗಾರನ್ನು ಸಾಮಾನ್ಯವೆಂದೂ ಶೇ. 90ಕ್ಕಿಂತ ಕೆಳಗಿನದನ್ನು ಕೊರತೆಯೆಂದೂ ಕರೆಯುತ್ತದೆ. ಆದರೆ ಮಳೆಯ ಲೆಕ್ಕಕ್ಕಾಗಿ ದೇಶವನ್ನು 36 ಹವಾಮಾನ ಉಪವಿಭಾಗಗಳಾಗಿ ವಿಂಗಡಿಸಲಾಗಿದ್ದು, ಒಂದು ಉಪವಿಭಾಗದಲ್ಲಿ ವಾಡಿಕೆಗಿಂತ ಶೇ. 19 ಹೆಚ್ಚಾದರೂ ಕಡಿಮೆಯಾದರೂ ಅದನ್ನು ಸಾಮಾನ್ಯವೆಂದೇ ಪರಿಗಣಿಸುತ್ತಾರೆ. ಪ್ರದೇಶ ಕಿರಿದಾದಂತೆ ಏರಿಳಿತ ದೊಡ್ಡದಾಗುತ್ತದೆ; ವಿಸ್ತಾರವಾದಂತೆ ಒಂದು ಕಡೆಯ ಹೆಚ್ಚಳ ಇನ್ನೊಂದು ಕಡೆಯ ಕೊರತೆಯನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಇಡೀ ದೇಶಕ್ಕೆ ಶೇ. 10 ಕೊರತೆ ಎಂದರೆ ಬಹಳ ದೊಡ್ಡ ಸಂಗತಿ. ಒಂದು ತಾಲ್ಲೂಕಿಗೆ ಶೇ. 10 ಕೊರತೆ ಪ್ರತಿವರ್ಷದ ಮಾತು.

ತರಗತಿಯಲ್ಲಿ ಹೇಳಲು 2018ರಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ವರ್ಷದ ಮುಂಗಾರು ದೇಶಕ್ಕೆ ಶೇ. 91, ಅಂದರೆ ವಾಡಿಕೆಗಿಂತ ಕಡಿಮೆ. ಅದೇ ಋತುವಿನಲ್ಲಿ ಜೂನ್ 1ರಿಂದ ಆಗಸ್ಟ್ 19ರವರೆಗೆ ಕೇರಳದಲ್ಲಿ ವಾಡಿಕೆಗಿಂತ ಶೇ. 42ರಷ್ಟು ಹೆಚ್ಚು ಮಳೆಯಾಗಿ, 400ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅದೇ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದು ಊರುಗಳನ್ನೇ ಮಣ್ಣುಪಾಲು ಮಾಡಿದವು. ಆ ದುಃಖದ ದಿನಗಳಲ್ಲಿಯೇ ಉತ್ತರ ಒಳನಾಡಿನ ರೈತರು ಒಣಗುತ್ತಿದ್ದ ಬೆಳೆಯ ಮುಂದೆ ನಿಂತಿದ್ದರು, ಮತ್ತು ವರ್ಷ ಮುಗಿಯುವುದರೊಳಗೆ ಅಲ್ಲಿ ಬರ ಘೋಷಣೆಯಾಯಿತು. ಶೇ. 91 ಎಂಬ ಅಂಕಿ ಈ ಮೂರರಲ್ಲಿ ಒಂದನ್ನೂ ಹೇಳುವುದಿಲ್ಲ.

ಉತ್ತರ 2: ಒಣಬೇಸಾಯ

ಮೇಲಿನವರು ಜಾಗದ ಲೆಕ್ಕವನ್ನು ಹೇಳಿದ್ದಾರೆ. ನಾನು ದಿನದ ಲೆಕ್ಕವನ್ನು ಹೇಳುತ್ತೇನೆ, ಏಕೆಂದರೆ 2023ರ ಗುಟ್ಟು ಇರುವುದು ಅಲ್ಲಿ.

ಆ ವರ್ಷ ಜೂನ್‌ನಲ್ಲಿ ಸ್ವಲ್ಪ ಕೊರತೆ, ಜುಲೈನಲ್ಲಿ ಶೇ. 13 ಹೆಚ್ಚು, ಸೆಪ್ಟೆಂಬರ್‌ನಲ್ಲಿಯೂ ಶೇ. 13 ಹೆಚ್ಚು. ನಡುವಿನ ಆಗಸ್ಟ್‌ನಲ್ಲಿ ಮಾತ್ರ ಸುಮಾರು 255 ಮಿ.ಮೀ. ಬೀಳಬೇಕಾದ ಕಡೆ 163 ಮಿ.ಮೀ. ಬಿತ್ತು. ಶೇ. 36ರ ಕೊರತೆ. 1901ರಿಂದ ಇರುವ ದಾಖಲೆಯಲ್ಲಿ ಅಷ್ಟು ಒಣಗಿದ ಆಗಸ್ಟ್ ಬೇರೊಂದಿಲ್ಲ. ನಾಲ್ಕು ತಿಂಗಳನ್ನು ಕೂಡಿಸಿದಾಗ ಶೇ. 94 ಎಂಬ ಸೌಮ್ಯವಾದ ಅಂಕಿ ಬರುತ್ತದೆ. ಆದರೆ ಬೆಳೆ ನಾಲ್ಕು ತಿಂಗಳನ್ನು ಕೂಡಿಸಿಕೊಂಡು ನೀರು ಕುಡಿಯುವುದಿಲ್ಲ. ಜುಲೈನಲ್ಲಿ ಬಿತ್ತಿದ ಪೈರು ಆಗಸ್ಟ್‌ನಲ್ಲಿ ಹೂ ಕಟ್ಟುವ, ತೆನೆ ಒಡೆಯುವ ಹಂತಕ್ಕೆ ಬರುತ್ತದೆ; ಆಶ್ಲೇಷ, ಮಘ ಮಳೆಗಳು ಕೈಕೊಟ್ಟರೆ ಉತ್ತರೆ ಎಷ್ಟು ಸುರಿದರೂ ಜೊಳ್ಳಾದ ತೆನೆಯಲ್ಲಿ ಕಾಳು ತುಂಬುವುದಿಲ್ಲ. ನಮ್ಮ ಹಿರಿಯರು ಮಳೆಯನ್ನು ಹದಿಮೂರು, ಹದಿನಾಲ್ಕು ದಿನಗಳ ನಕ್ಷತ್ರಗಳಾಗಿ ಭಾಗಿಸಿ ಎಣಿಸುತ್ತಿದ್ದುದಕ್ಕೆ ಇದೇ ಕಾರಣವಿರಬೇಕೆಂದು ನನಗೆ ಅನ್ನಿಸುತ್ತದೆ. ಅವರಿಗೆ ಬೇಕಾಗಿದ್ದುದು ಋತುವಿನ ಮೊತ್ತವಲ್ಲ, ಈ ಹದಿನೈದು ದಿನ ಮಣ್ಣಿನಲ್ಲಿ ಹಸಿ ಇದೆಯೇ ಎಂಬುದು. ನಕ್ಷತ್ರ ನೋಡಿ ಮುಂದಿನ ಮಳೆಯನ್ನು ಊಹಿಸಬಹುದು ಎಂದು ನಾನು ಹೇಳುತ್ತಿಲ್ಲ; ಮಳೆಯನ್ನು ಎಣಿಸುವ ಆ ಅಳತೆ ಬೆಳೆಗೆ ಹೊಂದುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

2019 ಇದಕ್ಕೆ ತಿರುಗುಮುರುಗು. ಜೂನ್‌ನಲ್ಲಿ ವಾಡಿಕೆಯ ಮೂರರಲ್ಲಿ ಎರಡು ಪಾಲು ಮಾತ್ರ ಮಳೆಯಾಗಿ ದೇಶವೆಲ್ಲ ಬರದ ಮಾತಾಡುತ್ತಿತ್ತು. ಸೆಪ್ಟೆಂಬರ್‌ನಲ್ಲಿ ವಾಡಿಕೆಯ ಶೇ. 152 ಸುರಿಯಿತು. ಋತು ಮುಗಿದಾಗ ಶೇ. 110. ನಡುವೆ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಊರಿಗೆ ಊರೇ ಗಂಜಿ ಕೇಂದ್ರ ಸೇರಿತು. ಕೆಲವೇ ವಾರಗಳ ಹಿಂದೆ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಿದ್ದ ಸೀಮೆ ಅದು.

ನಿಮ್ಮ ಮಕ್ಕಳಿಗೆ ಸಾಧ್ಯವಾದರೆ ಋತುವಿನ ಒಟ್ಟು ಅಂಕಿಯ ಪಕ್ಕದಲ್ಲಿ ಮಳೆಯಾದ ದಿನಗಳ ಸಂಖ್ಯೆಯನ್ನೂ, ಎರಡು ಮಳೆಗಳ ನಡುವಿನ ಅತಿ ದೀರ್ಘವಾದ ಒಣ ಅವಧಿಯನ್ನೂ ಬರೆಸಿ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇರುವುದರಿಂದ ಈ ಲೆಕ್ಕವನ್ನು ನಿಮ್ಮ ಊರಿಗೇ ಮಾಡಬಹುದು.

ಉತ್ತರ 3: ವಾಯುಗುಣ ವಿದ್ಯಾರ್ಥಿ

ಒಣಬೇಸಾಯದವರು ಹೇಳಿದ 2023ರ ಆಗಸ್ಟ್‌ಗೆ ಒಂದು ಮಾತನ್ನು ಸೇರಿಸಬೇಕು, ಏಕೆಂದರೆ ಬರ ಮತ್ತು ನೆರೆ ಎರಡು ಬೇರೆ ಬೇರೆ ಸುದ್ದಿಗಳಲ್ಲ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮುಂಗಾರಿನ ಕಾಲದಲ್ಲಿ ರಾಜಸ್ಥಾನದಿಂದ ಬಂಗಾಳ ಕೊಲ್ಲಿಯವರೆಗೆ ಗಂಗಾ ಬಯಲಿನ ಮೇಲೆ ಕಡಿಮೆ ಒತ್ತಡದ ಉದ್ದನೆಯ ಪಟ್ಟಿಯೊಂದು ಚಾಚಿಕೊಂಡಿರುತ್ತದೆ. ಅದು ತನ್ನ ಸ್ಥಾನದಲ್ಲಿ ಅಥವಾ ತುಸು ದಕ್ಷಿಣಕ್ಕೆ ಇದ್ದಾಗ ಮಧ್ಯ ಭಾರತಕ್ಕೂ ದಖ್ಖನ್ನಿಗೂ ಒಳ್ಳೆಯ ಮಳೆ. ಅದು ಉತ್ತರಕ್ಕೆ ಸರಿದು ಹಿಮಾಲಯದ ಬುಡಕ್ಕೆ ಒರಗಿಕೊಂಡರೆ ಪರ್ಯಾಯ ದ್ವೀಪದ ಬಹುಭಾಗ ಒಣಗುತ್ತದೆ. ಇದನ್ನು ಮುಂಗಾರಿನ ವಿರಾಮ ಎನ್ನುತ್ತಾರೆ. ವಿರಾಮದ ದಿನಗಳಲ್ಲಿ ತೇವವೆಲ್ಲ ಬೆಟ್ಟದ ತಪ್ಪಲಿಗೆ ಹೋಗಿ ಅಪ್ಪಳಿಸುತ್ತದೆ. 2023ರ ಆಗಸ್ಟ್ ಮಧ್ಯದಲ್ಲಿ ಕರ್ನಾಟಕದ ರಾಗಿ ಬಾಡುತ್ತಿದ್ದಾಗ ಶಿಮ್ಲಾದಲ್ಲಿ ಭೂಕುಸಿತದಿಂದ ಜನರು ಸಾಯುತ್ತಿದ್ದುದು ಆಕಸ್ಮಿಕವಲ್ಲ. ಒಂದೇ ಪಟ್ಟಿಯ ಚಲನೆಗೆ ಎರಡು ತುದಿಯಲ್ಲಿ ಎರಡು ಬಗೆಯ ಸಂಕಟ.

ಈಗ ಎಲ್ ನಿನೊ. ಶಾಂತ ಮಹಾಸಾಗರದ ಮಧ್ಯ ಮತ್ತು ಪೂರ್ವ ಭಾಗದ ಮೇಲ್ಮೈ ನೀರು ವಾಡಿಕೆಗಿಂತ ಬಿಸಿಯಾದಾಗ ಮೋಡ ಕಟ್ಟುವ ಬಿಸಿಗಾಳಿಯ ಏರಿಕೆ ಆ ಕಡೆಗೆ ಸರಿದು, ನಮ್ಮ ಕಡೆ ಗಾಳಿ ಕೆಳಗಿಳಿಯುವ ಪ್ರವೃತ್ತಿ ಹೆಚ್ಚುತ್ತದೆ. 2002ರಲ್ಲಿ ಶೇ. 81, 2009ರಲ್ಲಿ ಶೇ. 78, 2015ರಲ್ಲಿ ಶೇ. 86 ಮುಂಗಾರು ಆದುದು ಎಲ್ ನಿನೊ ವರ್ಷಗಳಲ್ಲಿಯೇ. ಆದರೆ 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು ಇದ್ದಾಗಲೂ ನಮ್ಮ ಮುಂಗಾರು ಶೇ. 102 ಆಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ಭಾಗ ತಣ್ಣಗಾಗಿದ್ದ ಸ್ಥಿತಿ ಅದಕ್ಕೆ ಒಂದು ಕಾರಣವೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಆದ್ದರಿಂದ ಎಲ್ ನಿನೊ ಬರದ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎನ್ನಬಹುದು, ಬರವನ್ನು ತಂದೇ ತರುತ್ತದೆ ಎನ್ನಲಾಗದು. ಅದೇ ಎಲ್ ನಿನೊ ತಮಿಳುನಾಡಿನ ಹಿಂಗಾರಿಗೆ ಅನೇಕ ಬಾರಿ ಬಲ ಕೊಡುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಿ. 2023ರ ಡಿಸೆಂಬರ್ ನಡುವಿನಲ್ಲಿ ತೂತುಕುಡಿ ಜಿಲ್ಲೆಯ ಕಾಯಲ್‌ಪಟ್ಟಿಣದಲ್ಲಿ ಒಂದೇ ದಿನ ಸುಮಾರು 95 ಸೆಂಟಿಮೀಟರ್ ಮಳೆ ಬಿತ್ತು. ಇಡೀ ವರ್ಷದಲ್ಲಿ ಅಲ್ಲಿ ಅಷ್ಟು ಬೀಳುವುದೇ ಅಪರೂಪ.

ತಾಪಮಾನ ಏರಿಕೆಯ ವಿಚಾರದಲ್ಲಿ ಗಟ್ಟಿಯಾಗಿ ಹೇಳಬಹುದಾದ ಸಂಗತಿ ಇದು: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವಾಂಶ ಸುಮಾರು ಶೇ. 7 ಹೆಚ್ಚುತ್ತದೆ. ಬಿಡುವಾದರೆ ದೀರ್ಘ ಬಿಡುವು, ಸುರಿದರೆ ಭಾರಿ ಸುರಿತ ಎಂಬ ಪ್ರವೃತ್ತಿಗೆ ಇದು ದಾರಿ ಮಾಡುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1950ರಿಂದ 2015ರವರೆಗೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ. ಗಮನಿಸಬೇಕಾದದ್ದೆಂದರೆ, ಇದೇ ಅವಧಿಯಲ್ಲಿ ಅಲ್ಲಿನ ಮುಂಗಾರಿನ ಒಟ್ಟು ಮಳೆ ಹೆಚ್ಚಲಿಲ್ಲ, ಬದಲಿಗೆ ಕುಗ್ಗಿತು. ಮೊತ್ತ ಇಳಿಯುತ್ತಾ ತೀವ್ರತೆ ಏರುವುದು ಸಾಧ್ಯ ಎಂದು ತಿಳಿದರೆ ಮಕ್ಕಳ ಅರ್ಧ ಗೊಂದಲ ಪರಿಹಾರವಾಗುತ್ತದೆ.

ಉತ್ತರ 4: ಭೂಗೋಳ ಶಿಕ್ಷಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂಗಾರಿನ ವಿರಾಮದ ವಿವರಣೆ ನನಗೇ ಹೊಸದು. ನಾಳೆಯೇ ಹಲಗೆಯ ಮೇಲೆ ಆ ಪಟ್ಟಿಯನ್ನು ಬರೆದು ತೋರಿಸುತ್ತೇನೆ. ಬಿಸಿಲಿನ ಬಗ್ಗೆಯೂ ಇದೇ ರೀತಿ ಯೋಚಿಸಬಹುದೇ? 40 ಡಿಗ್ರಿ ಕಲಬುರಗಿಯಲ್ಲಿ ಸುದ್ದಿಯಾಗುವುದಿಲ್ಲ, ಮಂಗಳೂರಿನಲ್ಲಿ ಸುದ್ದಿಯಾಗುತ್ತದೆ. ಇದೂ ವಾಡಿಕೆಯಿಂದ ಸರಿದ ಲೆಕ್ಕವೇ?

ಉತ್ತರ 5: ಮಳೆಲೆಕ್ಕ

ಹೌದು ಮೇಡಂ, ಆದರೆ ಬಿಸಿಗೆ ಎರಡು ಅಳತೆಗಳನ್ನು ಒಟ್ಟಿಗೆ ಬಳಸುತ್ತಾರೆ. ಬಯಲಿನಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ತಲುಪಿರಬೇಕು. ಅದರ ಮೇಲೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಅದು ಬಿಸಿಗಾಳಿ, 6.4 ಡಿಗ್ರಿಯನ್ನು ಮೀರಿದರೆ ತೀವ್ರ ಬಿಸಿಗಾಳಿ. ವಾಡಿಕೆ ಏನೇ ಇರಲಿ, 45 ಡಿಗ್ರಿ ಮುಟ್ಟಿದರೆ ಬಿಸಿಗಾಳಿ, 47 ಮುಟ್ಟಿದರೆ ತೀವ್ರ. ದೇಹಕ್ಕೆ ಒಂದು ಮಿತಿಯಿದೆ, ರೂಢಿಯೆಂಬುದು ಅದನ್ನು ದಾಟಿಸಲಾರದು ಎಂಬ ತಿಳಿವಳಿಕೆ ಈ ಎರಡನೆಯ ನಿಯಮದಲ್ಲಿದೆ.

ಬಿಸಿಗೂ ಕಾಲದ ಲೆಕ್ಕವಿದೆ. 2022ರ ಮಾರ್ಚ್‌ನಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 33.1 ಡಿಗ್ರಿಗೆ ಏರಿ, 1901ರಿಂದ ಅದುವರೆಗಿನ ಎಲ್ಲ ಮಾರ್ಚ್‌ಗಳನ್ನೂ ಮೀರಿಸಿತು. ಮೇ ತಿಂಗಳಿನಲ್ಲಿ 33 ಡಿಗ್ರಿಯನ್ನು ಯಾರೂ ಗಮನಿಸುತ್ತಿರಲಿಲ್ಲ. ಆದರೆ ಮಾರ್ಚ್‌ನಲ್ಲಿ ಪಂಜಾಬ್, ಹರಿಯಾಣದ ಗೋಧಿ ಹಾಲುಗಾಳಿನ ಹಂತದಲ್ಲಿರುತ್ತದೆ. ಬಿಸಿಗೆ ಕಾಳು ಸುರುಟಿ ಇಳುವರಿ ಕುಸಿಯಿತು, ಬೆಲೆ ಏರಿತು, ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನು ನಿಷೇಧಿಸಿತು.

ಜೊತೆಗೆ ಒಂದು ಎಚ್ಚರಿಕೆ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ದಾಖಲಾಯಿತೆಂಬ ಸುದ್ದಿ ಕೆಲವೇ ಗಂಟೆಗಳಲ್ಲಿ ಎಲ್ಲೆಡೆ ಹರಡಿತು. ಪರಿಶೀಲಿಸಿದ ಇಲಾಖೆ, ಆ ಕೇಂದ್ರದ ಸಂವೇದಕ ಸುಮಾರು 3 ಡಿಗ್ರಿ ಹೆಚ್ಚು ತೋರಿಸಿದೆ ಎಂದು ತಿಳಿಸಿತು. ದೇಶದ ದಾಖಲೆ ಈಗಲೂ 2016ರ ಮೇ 19ರಂದು ರಾಜಸ್ಥಾನದ ಫಲೋಡಿಯಲ್ಲಿ ಅಳೆದ 51 ಡಿಗ್ರಿಯೇ. ಒಂದೇ ಕೇಂದ್ರದ ಅಂಕಿ ನೆರೆಯ ಕೇಂದ್ರಗಳಿಗಿಂತ ಬಹಳ ಬೇರೆಯಾಗಿದ್ದರೆ ತಕ್ಷಣ ಹಲಗೆಯ ಮೇಲೆ ಬರೆಯದೆ ಒಂದೆರಡು ದಿನ ಕಾಯುವುದು ಒಳ್ಳೆಯದು.

ಹಾಗೆಂದು, ನೆರೆಯ ಕೇಂದ್ರಕ್ಕಿಂತ ಬೇರೆಯಾದ ಅಂಕಿಯೆಲ್ಲ ತಪ್ಪು ಎಂದೂ ತಿಳಿಯಬಾರದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆಯಾದಾಗ ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿ.ಮೀ. ಅವೆರಡೂ ನಿಜವೇ. ಉಷ್ಣಾಂಶ ನೂರಾರು ಕಿಲೋಮೀಟರ್ ಒಂದೇ ಹದದಲ್ಲಿ ಹರಡಿಕೊಳ್ಳುತ್ತದೆ, ಮಳೆ ಹಾಗಲ್ಲ.

ಉತ್ತರ 6: ವಾಯುಗುಣ ವಿದ್ಯಾರ್ಥಿ

ಮಳೆಲೆಕ್ಕದವರ ಮಾತಿಗೆ ನನ್ನದೊಂದು ಸಣ್ಣ ತಕರಾರು ಇದೆ. ವಾಡಿಕೆ ಎಂಬುದನ್ನು ನಾವು ಅಲುಗಾಡದ ಗುರುತುಕಲ್ಲಿನಂತೆ ಮಾತಾಡುತ್ತಿದ್ದೇವೆ, ಆದರೆ ಅದನ್ನೂ ಕಾಲಕಾಲಕ್ಕೆ ಬದಲಿಸುತ್ತಾರೆ. ಮುಂಗಾರಿನ ವಾಡಿಕೆ ಮೊದಲು 88 ಸೆಂಟಿಮೀಟರ್ ಇತ್ತು, ಅವಧಿ ಬದಲಿಸಿದ ಮೇಲೆ 87 ಆಯಿತು. ಮಳೆಯಲ್ಲಿ ಇದು ದೊಡ್ಡ ಬದಲಾವಣೆಯಲ್ಲ. ಉಷ್ಣಾಂಶದಲ್ಲಿ ಮಾತ್ರ ಮಕ್ಕಳ ದಾರಿ ತಪ್ಪಬಹುದು. 1901ರ ನಂತರ ದೇಶದ ಅತಿ ಬಿಸಿಯಾದ ವರ್ಷ 2024; ಅದು ವಾಡಿಕೆಗಿಂತ 0.65 ಡಿಗ್ರಿ ಹೆಚ್ಚು. ಆ ವಾಡಿಕೆ 1991ರಿಂದ 2020ರವರೆಗಿನದು, ಅಂದರೆ ಆಗಲೇ ಬಿಸಿಯೇರಿದ್ದ ದಶಕಗಳದು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳ ಪಕ್ಕದಲ್ಲಿಟ್ಟು ನೋಡಿದರೆ ಅಂತರ ಇನ್ನೂ ಹೆಚ್ಚು. ಯಾವ ಅವಧಿಯ ವಾಡಿಕೆ ಎಂದು ಬರೆಯದ ಅಂಕಿಯನ್ನು ತರಗತಿಯಲ್ಲಿ ಬಳಸಲೇಬಾರದೆಂದು ನಾನು ಬಲವಾಗಿ ನಂಬುತ್ತೇನೆ.

ಒಂದು ನಿರ್ದಿಷ್ಟ ಘಟನೆಗೆ ತಾಪಮಾನ ಏರಿಕೆಯೇ ಕಾರಣವೇ ಎಂಬ ಮೊದಲ ಪ್ರಶ್ನೆಗೆ ಉಳಿದ ಉತ್ತರ ಇದು. ವಿಜ್ಞಾನಿಗಳು ಅದನ್ನು ಹೌದು, ಅಲ್ಲ ಎಂದು ಹೇಳದೆ ಸಾಧ್ಯತೆ ಎಷ್ಟು ಪಟ್ಟು ಹೆಚ್ಚಿತು ಎಂದು ಲೆಕ್ಕ ಹಾಕುತ್ತಾರೆ. 2022ರ ಮಾರ್ಚ್ ಮತ್ತು ಏಪ್ರಿಲ್‌ನ ಬಿಸಿಗಾಳಿಯ ಸಾಧ್ಯತೆ ಮನುಷ್ಯನಿಂದಾದ ತಾಪಮಾನ ಏರಿಕೆಯಿಂದ ಸುಮಾರು 30 ಪಟ್ಟು ಹೆಚ್ಚಿತ್ತು ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ ಅಂದಾಜಿಸಿತು. ಬಿಸಿಯ ವಿಷಯದಲ್ಲಿ ಇಂಥ ಲೆಕ್ಕ ಸಾಕಷ್ಟು ದೃಢವಾಗಿರುತ್ತದೆ. ಮಳೆಯ ವಿಷಯದಲ್ಲಿ, ಅದರಲ್ಲಿಯೂ ಒಂದು ಬೆಟ್ಟದ ಮೇಲೆ ಒಂದು ರಾತ್ರಿ ಸುರಿದ ಮಳೆಯ ವಿಷಯದಲ್ಲಿ, ಅಷ್ಟು ಧೈರ್ಯದಿಂದ ಹೇಳುವುದು ಕಷ್ಟ.

ಉತ್ತರ 7: ಮಳೆಲೆಕ್ಕ

ತಕರಾರನ್ನು ಒಪ್ಪಿಕೊಂಡೆ. ಅವಧಿಯನ್ನು ನಾನು ಮಳೆಗೆ ಹೇಳಿದೆ, ಬಿಸಿಗೆ ಹೇಳಲಿಲ್ಲ. ಅದು ನನ್ನ ಉತ್ತರದ ಕೊರತೆಯೇ.

ಉತ್ತರ 8: ಭೂಗೋಳ ಶಿಕ್ಷಕಿ

ಇಂದು ತರಗತಿಯಲ್ಲಿ ಎರಡು ಖಾಲಿ ನಕ್ಷೆಗಳನ್ನು ಹಂಚಿದೆ. ಒಂದರಲ್ಲಿ 2025ರಲ್ಲಿ ಬಿದ್ದ ಮಳೆಯ ಮಿಲಿಮೀಟರ್‌ಗಳಿಗೆ ಬಣ್ಣ ಹಚ್ಚಿದರು, ಇನ್ನೊಂದರಲ್ಲಿ 1971ರಿಂದ 2020ರ ವಾಡಿಕೆಯಿಂದ ಆದ ವ್ಯತ್ಯಾಸಕ್ಕೆ. ಮೊದಲನೆಯದರಲ್ಲಿ ಈಶಾನ್ಯ ಭಾರತ ಕಡುನೀಲಿ, ಎರಡನೆಯದರಲ್ಲಿ ಕೆಂಪು. ಪ್ರಶ್ನೆ ಕೇಳಿದ ಹುಡುಗಿ ಎರಡನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, ನಮ್ಮ ಊರಿನ 2023ರ ಆಗಸ್ಟ್ ತಿಂಗಳಿನ ದಿನದ ಮಳೆ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಪಂಚಾಯಿತಿಯ ಮಳೆಮಾಪಕದ ಲೆಕ್ಕವನ್ನು ತರಲು ಶನಿವಾರ ನಾವಿಬ್ಬರೂ ಹೋಗುತ್ತಿದ್ದೇವೆ. ಒಣ ಅವಧಿ ಎಷ್ಟು ದಿನ ಬಂತೆಂದು ಇಲ್ಲಿಯೇ ಬರೆಯುತ್ತೇನೆ.